ಬೆಂಡ್ ತಗಿಯೋದು

ಗಾಲಿ ತಿರುವಿ ಬಿಡು, ಅಂತಿದ್ದ ದಸ್ತಗೀರ ಮಾಮಾ,
ಕಣ್ಣಿಲೆ ನೋಡಬ್ಯಾಡ, ಕಿವಿಗೊಟ್ಟು ಕೇಳು.
ಬ್ರೇಕಿನ ರಬ್ಬರಿಗೆ ರಿಮ್ಮು ಎಲ್ಲಿ ತಾಗತೈತಿ
ಅಲ್ಲೊಂದು ಸಣ್ಣ ಸಪ್ಪಳ.
ಮೂವತ್ತಾರು ಕಡ್ಡ್ಯಾಗ ಯಾವುದೋ ಒಂದು ಸಡಲ ಬಿಟ್ಟೈತಿ,
ಅದರ ಪಾಲಿಂದೂ ಮಗ್ಗಲದ್ದು ಎಳೀಲಿಕ್ಕ ಹತ್ತೈತಿ.
ಅರ್ಧ ಸುತ್ತು ಬಿಗಿ ಮಾಡು. ಪಾವು ಸುತ್ತು ಬಿಡು.
ಸುತ್ತಿಗಿ ಮುಟ್ಟಿದಿ, ಕೈ ಮುರಿತೀನಿ.

ಇದು ಆಮ್ಯಾಲಿನ ಮಾತು. ಮೊದಲಿಗೆ
ನಾ ಗಾಲಿ ಮ್ಯಾಲ ಕುಂತಾಕಿ.

ಆರನೇ ಇಯತ್ತೆ ಇದ್ದಾಗ ಮಾಸ್ತರು ತಾಂಡೇದಿಂದ
ವಿಜಯಪುರಕ್ಕ ಕರಕೊಂಡು ಬಂದ್ರು, ಹಾಸ್ಟೆಲ್ ಆಯ್ಕೆಗೆ.
ಓಡಿಸಿದ್ರು, ಜಿಗಿಸಿದ್ರು, ಟೇಪು ಹಿಡದು ಕಾಲು ಅಳದ್ರು.
ನಮ್ಮಜ್ಜಿ ಗೋಮ್ಲಿಬಾಯಿ ಕೇಳಿದ್ದು ಒಂದ ಮಾತು:
ಎಷ್ಟು ಹೊತ್ತು ಉಣ್ಣಾಕ ಹಾಕ್ತಾರ?
ಮೂರು ಹೊತ್ತು. ಮ್ಯಾಲ ಎರಡು ತತ್ತಿ.
ಶನಿವಾರದ ಒಂದು ತತ್ತಿ ಕಿಸೇದಾಗ ಇಟಗೊಂತಿದ್ದೆ,
ರವಿವಾರ ತಮ್ಮ ಬರತಾನಂತ.
ಅಂವ ಬರದ ಒಂದು ವಾರ ವಾರ್ಡನ್ ಬಾಯೋರು
ನಾತ ಹಿಡದು ನನ್ನ ಟ್ರಂಕಿನ ತನಕ ಬಂದ್ರು.
ಬೈಯಲಿಲ್ಲ.

ನಸುಕಿನ ಐದಕ್ಕ ಬಬಲೇಶ್ವರ ರಸ್ತೆ.
ಕಬ್ಬಿನ ಟ್ರ್ಯಾಕ್ಟರ್ ಬೆನ್ನಿಗೆ ಹತ್ತಿ ಹೊಂಟ್ರ
ಎದುರಗಾಳಿ ತಾಗೂದಿಲ್ಲ, ಸ್ಪೀಡು ಪುಕ್ಕಟೆ.
ಕೋಚ್ ಸರ್ ಒದರತಿದ್ರು. ನಾ ಬಿಡಲಿಲ್ಲ.
ಗಲಗಲಿ ಕಡೆ ಗ್ಯಾಂಗಿನ್ಯಾಗ ನಮ್ಮಪ್ಪ ಕಬ್ಬು ಕಡೀತಿದ್ದ.
ರವದಿ ಹಾರಿ ಮಾರಿಗೆ ಬಡದಾಗೆಲ್ಲ
ಇದು ಅಂವ ಕಟ್ಟಿದ್ದ ಹೊರಿ ಇರಬೇಕು,
ಮುಂದ ನಿಂತು ನನಗ ಗಾಳಿ ತಡದಾನ, ಅಂತ
ಹುಚ್ಚ ಹುಡುಗಿ ಲೆಕ್ಕ.

ರಾಜ್ಯ ಮಟ್ಟದಾಗ, ಮೂವತ್ತು ಕಿಲೋಮೀಟರ್, ನಾ ನಾಲ್ಕನೇದಾಕಿ.
ಎಷ್ಟು ಹಿಂದ? ಅರ್ಧ ಗಾಲಿ.
ಮೂರು ಮಂದಿಗೆ ಮೆಟ್ಟಲಾ ಮಾಡ್ಯಾರ, ನಾಲ್ಕಕ್ಕ ನೆಲ.
ನೌಕರಿ ಅರ್ಜ್ಯಾಗ ಪದಕ ಅನ್ನೂ ಖಾನೆ ಐತಿ,
ಅರ್ಧ ಗಾಲಿ ಬರಿಯಾಕ ಖಾನೆ ಇಲ್ಲ.
ಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಓ ಅಂತೈತಿ.
ಆಫೀಸಿನ ಕಿಟಕ್ಯಾಗ ನಾ ಏಳು ಸಲ ಕೂಗೀನಿ.

ಆ ವರ್ಷಾನ ಯಾವುದೋ ಸಂಸ್ಥೆಯವ್ರು ಬಂದ್ರು.
ಹನ್ನೆರಡು ಹೊಸಾ ಸೈಕಲ್ಲು, ಒಂದು ಬ್ಯಾನರು:
ಹಿಂದುಳಿದ ಯುವಜನರ ಮುನ್ನಡೆಗಾಗಿ.
ಹಿಂದುಳಿದವ್ರು ಮುಂದಿನ ಸಾಲಿನ್ಯಾಗ ಕುಂತ್ವಿ, ಫೋಟೋ ಆತು,
ಸೈಕಲ್ಲು ಗೋದಾಮಿಗೆ ಹೋದ್ವು, ಕೀಲಿ ಬಿತ್ತು.
ಮಳಿಗಾಲ ಕಳದು ತಗದಾಗ ಚೈನಿಗೆ ತುಕ್ಕು,
ಒಂದರ ಮ್ಯಾಲೊಂದು ಬಿದ್ದು ಗಾಲಿಯೆಲ್ಲ ಎಂಟರ ಅಂಕಿ.
ಯಾರು ಮಾಡತೀರಿ ಇದನ್ನ? ಅಂದ್ರು.
ಗೇಟಿನ ಬಾಜೂಕ ಪಂಕ್ಚರ್ ತಿದ್ದೂ ದಸ್ತಗೀರ ಮಾಮಾ
ಬಾಯಾಗಿನ ಬೀಡಿ ತಗದು ನನ್ನ ಕಡೆ ತೋರಿಸಿದ:
ಈಕಿ ಮಾಡತಾಳ. ಅರ್ಧ ಗಾಲಿ ಅಂದ್ರ ಎಷ್ಟಂತ
ಈಕಿಗೆ ಗೊತ್ತೈತಿ.

ಹನ್ನೆರಡೂ ಮಾಡಿದೆ. ಮೂರು ತಿಂಗಳ ಹಿಡೀತು, ಉಗುರು ಕರ್ರಗಾದ್ವು.

ಈಗ ಅದ ಹಾಸ್ಟೆಲ್ಲಿನ ಮೆಕ್ಯಾನಿಕ್ ನಾ. ಗುತ್ತಿಗಿ ಮ್ಯಾಲ.
ಪಗಾರ ಎರಡು ತಿಂಗಳಿಗೊಮ್ಮೆ ಅವ್ರಿಗೆ ನೆನಪಾಗತೈತಿ.
ಹೋದ ಸ್ಪರ್ಧಾದಾಗ ಮೈಸೂರು ಕಡೆ ಹುಡುಗೊಬ್ಬ,
ಅವನ ಸೈಕಲ್ಲಿನ ರೊಕ್ಕದಾಗ ನಮ್ಮ ತಾಂಡೆಕ್ಕ ಹತ್ತು ಮನಿ ಆಗತಾವ,
ಕಾರಿನಿಂದ ಇಳದು, ಮೆಕ್ಯಾನಿಕ್ ಎಲ್ಲಿದಾನೆ? ಅಂದ.
ನಾ ಎದ್ದು ನಿಂತೆ.
ಅಂವ ನನ್ನ ಹಿಂದ ನೋಡಿದ.
ಹಿಂದ ಗ್ವಾಡಿ ಇತ್ತು.

ಮೊನ್ನೆ ಹೊಸಾಕಿ ಬಂದಾಳ, ಮಾಯವ್ವ, ಇಂಡಿ ಕಡೇದಾಕಿ.
ಅವ್ವ ಇಟ್ಟಂಗಿ ಭಟ್ಟ್ಯಾಗ. ಮಾತು ಕಡಿಮಿ. ಕಿಸೆ ಉಬ್ಬಿತ್ತು,
ನಾ ಏನೂ ಕೇಳಲಿಲ್ಲ.
ಸೈಕಲ್ ಬೋರಲ ಹಾಕಿ ಕೈಯಾಗ ಕಡ್ಡಿ ಚಾವಿ ಕೊಟ್ಟೆ.
ತಿರುವು. ಕಣ್ಣು ಮುಚ್ಚು. ಏನು ಕೇಳಸ್ತೈತಿ?
ಭಾಳೊತ್ತು ಕುಂತಳು, ತೆಲಿ ವಾರಿ ಮಾಡಿ.
ಗಾಲಿ ತಿರಗತಿತ್ತು.
ಏನೂ ಕೇಳಸವಲ್ದರೀ ಅಕ್ಕಾ, ಅಂದಳು, ಅಂಜಿಕೊಂತ,
ತಪ್ಪು ಹೇಳಿದೆನೇನೋ ಅನ್ನೂಹಂಗ.

ಹಂಗಾದ್ರ ಸರಿ ಆಗೈತಿ.
ಎತ್ತು. ಹತ್ತು.