ಇವತ್ತಿನ ತಪ್ಪು

ನಾರಿನ್ ಊರಿನ ಮೂರನೇ ತರಗತಿ.
ಒಲೆಗೆ ಕಲ್ಲಿದ್ದಲು ತುಂಬಿ, ಕೈ ಒರೆಸಿಕೊಂಡು
ಬುರುಲ್ ಎಜೆ ದಿನಕ್ಕೊಂದು ತಪ್ಪನ್ನು
ಹಲಗೆಯ ಮೇಲೆ ಬಚ್ಚಿಡುತ್ತಾಳೆ,
ಸಿಗಲಿ ಅಂತಲೇ.
ಕಂಡವರು ಓಡಿಬಂದು
ಕುರಿಯ ಕೊರಳಗಂಟೆ ಬಾರಿಸಬೇಕು.

ಮೊನ್ನೆ ಆಡಿಗೆ ಐದು ಕಾಲು.
ನಿನ್ನೆ ನದಿ ಬೆಟ್ಟ ಹತ್ತಿತ್ತು.
ಇವತ್ತು ಏಳೆಂಟ್ಲ ಐವತ್ತನಾಲ್ಕು.
ಢಣ್! ಜಿಬೆಕ್ ಹಾರಿಯೇ ಬಂದಳು,
ಒಂದು ಕಾಲಿಗೆ ಬೂಟೇ ಇಲ್ಲ.

ಕೊನೇ ಬೆಂಚಿನ ಕುಬಾನಿಚ್ ಮಾತ್ರ
ರಸ್ತೆಯಾಚೆ ಹಿಮ ಕೆದಕುವ
ಹೆಣ್ಣುಕುದುರೆಯನ್ನೇ ನೋಡುತ್ತಿದ್ದ.
ಎಜೆ ಗದರಲಿಲ್ಲ. ದನಿ ಇಳಿಸಿದಳು,
ಇನ್ನೂ ಇಳಿಸಿದಳು,
ಪಿಸುಮಾತಿಗೆ ಹದಿನೇಳು ಕುತ್ತಿಗೆ ಮುಂದೆ ಬಾಗಿದವು.
ಹದಿನೆಂಟನೆಯದು ಕಿಟಕಿಯ ಕಡೆಗೇ.

ಪಾಠ ಮುಗಿಯುವ ಹೊತ್ತಿಗೆ ಮತ್ತೆ ಗಂಟೆ.
ಕುಬಾನಿಚ್!
"ಇವತ್ತಿನದು ಸಿಕ್ಕಾಯ್ತಲ್ಲೋ."
ಅವನು ಹಲಗೆಯ ಮೂಲೆಗೆ ಬೆರಳು ತೋರಿದ,
ಬೆಳಿಗ್ಗೆ ಬರೆದ ತಾರೀಖು:
ಫೆಬ್ರವರಿ ಇಪ್ಪತ್ತೊಂಬತ್ತು.
"ಈ ವರ್ಷ ಅದಿಲ್ಲ ಎಜೆ. ಇವತ್ತು ಮಾರ್ಚ್ ಒಂದು.
ನಮ್ಮ ಕುದುರೆ ಈಯೋ ದಿನ,
ನಾನು ಎಣಿಸ್ತಾ ಇದ್ದೀನಿ."

ಅದು ಅವಳು ಬಚ್ಚಿಟ್ಟ ತಪ್ಪಲ್ಲ.
ಕಿವಿ ಕೆಂಪಾಗಿ
ಹಲಗೆ ಒರೆಸುವ ಬಟ್ಟೆಗಾಗಿ
ಮೇಜೆಲ್ಲ ತಡಕಾಡಿದಳು.
ಅದು ಅವಳ ಕೈಯಲ್ಲೇ ಇತ್ತು.
ಢಣ್, ಅಂದಳು ಜಿಬೆಕ್, ಬಾಯಲ್ಲೇ.