ಬೆಚ್ಚುವ ಪರೀಕ್ಷೆ

ನೊಯೆಮಿ, ಮೊದಲು ಕೋಟು ತೂಗುಹಾಕು.
ಆ ಮೊಳೆ ನನ್ನದು, ಶುಕ್ರವಾರದಿಂದ ನಿನ್ನದು.
ಕಿಟಕಿಯಾಚೆ ರೈನ್ ನದಿ.
ತಂತಿಗೆ ಕಟ್ಟಿದ ದೋಣಿ ಬರೀ ಸೆಳವಿನ ಬಲದಲ್ಲಿ
ಆ ದಡ ಈ ದಡ ಮಾಡುತ್ತದೆ, ಎಂಜಿನ್ನಿಲ್ಲ.
ಬೇಸರವಾದರೆ ಅದನ್ನು ನೋಡು.
ನಾನು ಮೂವತ್ತೊಂದು ವರ್ಷ ನೋಡಿದೆ.

ಆಗ ಕೆಲಸ ನೆಲಮಾಳಿಗೆಯಲ್ಲಿ, ಇಲಿಗಳ ಜೊತೆ.
ಬಸುರಿ ಇಲಿಗೆ ದಿನಾ ಅಳೆದು ಪುಡಿ ಉಣಿಸುವುದು,
ಹೆತ್ತ ಮೇಲೆ ಎಣಿಸುವುದು,
ಮರಿ ಕಣ್ಣು ಬಿಟ್ಟ ದಿನ ಬರೆದಿಡುವುದು,
ಆಮೇಲೊಂದು ದಿನ ಒಂದೊಂದನ್ನೇ ಕೊಳವೆಯಲ್ಲಿಟ್ಟು
ಬಾಗಿಲು ಮುಚ್ಚಿ
ಢಂ ಎನ್ನಿಸುವುದು.
ಬೆಚ್ಚಿದರೆ ಸೂಜಿ ನೆಗೆಯುತ್ತಿತ್ತು ಕಾಗದದ ಮೇಲೆ.
ಬೆಚ್ಚಬೇಕು. ಮರಿ ನೆಟ್ಟಗಿದೆ ಎನ್ನಲು ಅದೇ ಗುರುತು.

ಹದಿನಾಲ್ಕನೆಯದು ಬೆಚ್ಚಲಿಲ್ಲ.
ಕಿವಿ ಸರಿಯಿತ್ತು; ಚೀಲದ ಸರಪರಕ್ಕೆ ತಲೆ ತಿರುಗಿಸುತ್ತಿತ್ತು.
ಢಂ. ಸೂಜಿ ಮಲಗೇ ಇತ್ತು.
ಮತ್ತೆ ಢಂ.
ಮೀಸೆ ಒರೆಸಿಕೊಳ್ಳುತ್ತ ಕೂತಿತ್ತು,
ಪಕ್ಕದ ಮನೆಯಲ್ಲಿ ಯಾರೋ ಯಾರನ್ನೋ ಕರೆದ ಹಾಗೆ.
ಬರೆದೆ. ಕಾಗದ ಮೇಲಿನ ಮಹಡಿಗೆ ಹೋಯಿತು.
ಅಲ್ಲಿ ಸೂಲಿಗೊಂದೇ ಅಂಕಿ.
ಒಡಹುಟ್ಟಿದವು ಬೆಚ್ಚಿದ್ದನ್ನೆಲ್ಲ ಕೂಡಿ ಭಾಗಿಸಿದಾಗ
ಅದರ ಪಾಲಿಗೂ ಬಂತು ಒಂದಿಷ್ಟು ಬೆಚ್ಚು.
ವರದಿ: ಗಣನೀಯ ವ್ಯತ್ಯಾಸವಿಲ್ಲ.
ಸುಳ್ಳಲ್ಲ, ನೋಡು. ನಿಯಮದ ಪ್ರಕಾರ ಲೆಕ್ಕ ಸರಿಯೇ.

ಆ ಪುಡಿ ಹೋಗಿ ಸೋಫಾದ ಸ್ಪಂಜಿನಲ್ಲಿ ಕೂತಿತು,
ಬೆಂಕಿ ಹತ್ತದಿರಲೆಂದು.
ನಮ್ಮ ಮನೆಗೂ ಬಂತು, ಹಸಿರು ಬಣ್ಣದ್ದು, ಕಂತಿನಲ್ಲಿ.
ಅದರ ತುದಿ ಚೀಪುತ್ತಲೇ ನನ್ನ ರೇತೊಗೆ ಹಲ್ಲು ಬಂದವು.
ಎಂಟು ತುಂಬಿದರೂ ಅಕ್ಷರಗಳು
ಅವನ ಕಣ್ಣೆದುರು ಜಾಗ ಬದಲಿಸುತ್ತಿದ್ದವು.
ಇದಕ್ಕೂ ಅದಕ್ಕೂ ಗಂಟು ಹಾಕಲು ನನ್ನ ಹತ್ತಿರ ದಾರವಿಲ್ಲ.
ಯಾರ ಹತ್ತಿರವೂ ಇರಲಿಲ್ಲ. ಅದನ್ನೇ ಹೇಳುತ್ತಿದ್ದೇನೆ.
ಒಂದು ಪುಡಿಗೆ ವರ್ಷಗಟ್ಟಲೆ, ರಾಶಿ ಇಲಿ, ಒಂದು ಮನೆಯ ಬೆಲೆ;
ಸರದಿಯಲ್ಲಿ ನಿಂತವು ಸಾವಿರಾರು,
ನಿಲ್ಲದೆ ನೇರ ಅಂಗಡಿಗೆ ನಡೆದವು ಅದಕ್ಕೂ ಹೆಚ್ಚು.

ಈಗ ಇದು. ಅಂಗೈಯಗಲದ ತಟ್ಟೆ, ತೊಂಬತ್ತಾರು ಗುಳಿ.
ಹೆಸರು ಹೇಳದ ಯಾರದೋ ತೋಳಿನ ಚರ್ಮ,
ಹುಟ್ಟಿಗೂ ಹಿಂದಕ್ಕೆ ನಡೆಸಿ
ಅಲ್ಲಿಂದ ಮಿದುಳಿನ ದಾರಿಗೆ ತಿರುಗಿಸಿದ್ದು.
ಮೂವತ್ತೇಳು ಡಿಗ್ರಿಯಲ್ಲಿ ಬೆಚ್ಚಗಿಟ್ಟರೆ
ಕೆಲವು ವಾರಕ್ಕೆ ತಮ್ಮತಮ್ಮಲ್ಲೇ ಮಾತಿಗಿಳಿಯುತ್ತವೆ.
ಪರದೆಯ ಮೇಲೆ ಕಿಡಿ,
ಮೊದಲು ಚೆಲ್ಲಾಪಿಲ್ಲಿ, ಆಮೇಲೆ ಎಲ್ಲ ಒಂದೇ ಉಸಿರಿಗೆ.
ಒಂದು ಹನಿ ಹಾಕು. ಕಾಯಿ.
ಕೆಲವು ಗುಳಿಗಳಲ್ಲಿ ಮಾತು ಮುಂದುವರಿಯುತ್ತದೆ.
ಕೆಲವಲ್ಲಿ, ಸಂತೆ ಎದ್ದುಹೋದ ಹಾಗೆ.
ಪಕ್ಕದ ಕೋಣೆಯಲ್ಲಿ ಮೀನಿನ ಮರಿಗಳು, ರೆಪ್ಪೆಗೂದಲಷ್ಟು.
ದೀಪ ಆರಿಸಿದರೆ ದಿಕ್ಕೆಟ್ಟು ಓಡಬೇಕು.
ಓಡದವನ್ನು ಬರೆದುಕೋ.

ತಟ್ಟೆಗೆ ಪಿತ್ತಜನಕಾಂಗವಿಲ್ಲ, ತಾಯಿಯಿಲ್ಲ, ನಿದ್ದೆಯಿಲ್ಲ.
ಮಗುವಿನ ಬಳಿಗೆ ಪುಡಿಗಳು ಹೆಸರು ಹೇಳಿಕೊಂಡು
ಒಂದೊಂದಾಗಿ ಬರುವುದೂ ಇಲ್ಲ;
ಹಾಲಿನಲ್ಲಿ, ಧೂಳಿನಲ್ಲಿ, ಎಲ್ಲ ಕಲಸಿಕೊಂಡೇ.
ಮೊನ್ನೆ ಸಭೆಯಲ್ಲಿ ಕಂಪನಿಯವರು ಇದನ್ನೇ ಹೇಳಿ ತಟ್ಟೆ ಬೇಡವೆಂದರು.
ನಾನು ಇದನ್ನೇ ಹೇಳಿ ಇನ್ನೂ ಹತ್ತು ತಟ್ಟೆ ಕೇಳಿದೆ:
ಕೋಶ ಬೆಳೆಯುವುದನ್ನು ನೋಡಲೊಂದು,
ತನ್ನ ಜಾಗ ಹುಡುಕಿ ನಡೆಯುವುದಕ್ಕೊಂದು,
ಪಕ್ಕದ್ದಕ್ಕೆ ಕೈ ಚಾಚುವುದಕ್ಕೊಂದು.
ಚಹಾ ಆರಿಹೋಯಿತು. ತೀರ್ಮಾನ ಮುಂದಿನ ತಿಂಗಳಿಗೆ.

ಆ ಕೆಳಗಿನ ಖಾನೆಯಲ್ಲಿ ಹದಿನಾಲ್ಕರ ಕಾಗದದ ಪ್ರತಿಯಿದೆ.
ನೇರ ಗೆರೆ, ಬೇರೇನಿಲ್ಲ. ಬಿಸಾಡಬೇಡ.

ನೀನು ಹೊರಗಿನವಳು, ನಮ್ಮ ಹಬ್ಬ ನೋಡಿರಲಿಕ್ಕಿಲ್ಲ.
ಸೋಮವಾರ ನಸುಕು ನಾಲ್ಕಕ್ಕೆ ಬಾಸೆಲ್ಲಿನ ದೀಪಗಳೆಲ್ಲ ಒಮ್ಮೆಗೇ ಆರುತ್ತವೆ,
ಕತ್ತಲಲ್ಲಿ ಬೀದಿಬೀದಿಯ ಡೋಲು ಒಟ್ಟಿಗೇ ಏಳುತ್ತದೆ.
ಈ ಸಲ ಮುಚ್ಚಿದ ಕಿಟಕಿಯ ಹಿಂದೆ
ರೇತೊನ ಮಗಳನ್ನು ಎತ್ತಿಕೊಂಡು ನಿಂತಿದ್ದೆ,
ಲಡಿನಾ, ಮೂರು ತಿಂಗಳು.
ಬೆಚ್ಚಿದಳು. ಎರಡೂ ತೋಳು ಚಾಚಿ, ಹತ್ತೂ ಬೆರಳು ಬಿಡಿಸಿ.
ಹೆದರಿದಳು, ಕೊಡು ಎಂದು ರೇತೊ ಕೈ ನೀಡಿದ.
ನಾನು ಕೊಡಲಿಲ್ಲ.
ಇನ್ನೊಮ್ಮೆ ಬಡಿಯಲಿ ಎಂದು ಕಾದೆ.

ಬಡಿಯಿತು. ಬೆಚ್ಚಿದಳು.
ಆಮೇಲೆ ಎದೆಗವಚಿ ಬೆಚ್ಚಗೆ ಹೊದಿಸಿದೆ.

ಬೀಗದ ಕೈ ತಗೋ.
ಪೆಟ್ಟಿಗೆಯ ಬಾಗಿಲು ಮೆಲ್ಲಗೆ ಹಾಕು,
ಒಳಗೆ ನಿನ್ನೆಯ ತಟ್ಟೆಗಳಿವೆ.