ನಾಲ್ಕನೇ ಲೇನು

ಇಪ್ಪತ್ತಾರು ವರ್ಷದಿಂದ ಹಾಸನದ ಕಾಲೇಜು ಮೈದಾನದಲ್ಲಿ
ಸುಣ್ಣದ ಗೆರೆ ಎಳೆಯುವವನು ನಾನು.
ಪ್ರತಿ ಸಲವೂ ಒಬ್ಬನಲ್ಲ ಒಬ್ಬ ಬೇಲಿಯಾಚೆಯಿಂದ ಕೂಗುತ್ತಾನೆ:
‘ಏನ್ರೀ ಮೋಸ ಇದು, ಆ ಹೊರಗಿನವಳು ಆಗ್ಲೇ ಮುಂದೆ ನಿಂತವ್ಳೆ!’
ಚೀಲ ಕೊಡವುತ್ತ ಹೇಳುತ್ತೇನೆ,
ತಿರುವು ಇದೆ ಸ್ವಾಮಿ,
ತಿರುವು ಮುಗೀಲಿ.

ನಿಸರ್ಗಳನ್ನು ಹಿಡಿದ ದಿನ
ಎಸ್ಸೈ ಫೋನು ಮಾಡಿದ್ದು ನನಗಲ್ಲ, ನನ್ನ ಟೇಪಿಗೆ.
ಠಾಣೆಯದು ಮೂವತ್ತಡಿಗೇ ತುಂಡಾಗಿತ್ತಂತೆ.
ಸಾಲಗಾಮೆ ರಸ್ತೆ, ಬೆಳಗಿನ ಜಾವ,
ಮಂಜು ಲೈಟುಕಂಬದ ಸೊಂಟದವರೆಗೆ.
ಕಾರು ಡಿವೈಡರಿಗೆ ಮೂತಿ ಒರಗಿಸಿ ನಿಂತಿತ್ತು.
ಆಂಬುಲೆನ್ಸು ಹೋಗಿಯಾಗಿತ್ತು. ಪೊರಕೆ ಅಲ್ಲೇ ಇತ್ತು.

ಟೈರಿನ ಕಪ್ಪು ಗೆರೆ ನೋಡಿದ್ದೇ ತಡ
ನನ್ನ ಕಾಲು ಹೇಳಿತು: ನಾಲ್ಕನೇ ಲೇನು.
ಒಂದನೇ ಲೇನಿನವಳಿಗಿಂತ ನಾಲ್ಕನೆಯವಳು ಮುಂದೆ ನಿಲ್ಲುವುದು
ಇಪ್ಪತ್ತೆರಡು ಮೀಟರ್ ಮೂವತ್ತೆಂಟು.
ಹೈಸ್ಕೂಲಿನಲ್ಲಿ ಅವಳು ಅತ್ತೂ ಕರೆದೂ ಕೇಳಿ ಪಡೆಯುತ್ತಿದ್ದ ಲೇನು.
ಟೇಪು ಎಳೆದೆ. ಇಪ್ಪತ್ತೆರಡು ನಲವತ್ತು.
‘ಇಪ್ಪತ್ತೆರಡು ಅಂತ ಬರ್ಕೊಳ್ಲಾ?’ ಎಂದ ಪೇದೆ.
‘ನಲವತ್ತು ಇದೆ’ ಎಂದೆ.
ಮಹಜರಿಗೆ ಸಹಿ ಹಾಕುವಾಗ
ಬೆರಳಿನ ಸುಣ್ಣ ಕಾಗದಕ್ಕೆ ಹತ್ತಿತು.

ಹೊತ್ತೇರುವಷ್ಟರಲ್ಲಿ ಊರು ಎರಡು ಹೋಳು.
‘ದೊಡ್ಡ ಹೆಸರು ಅಂತ ತಾನೆ ಹಿಡಿದಿದ್ದು?
ಕಂಟ್ರಾಕ್ಟ್ರ ಮಗ ಆಗಿದ್ದಿದ್ರೆ ಬೆಳಗಾಗೋದ್ರೊಳಗೆ ಮನೇಲಿರ್ತಿದ್ದ.’
‘ದೊಡ್ಡ ಹೆಸರು ಅಂತ ತಾನೆ ಕುರ್ಚಿ ಕೊಟ್ಟಿದ್ದು?
ನಮ್ಮ ತಮ್ಮನ್ನ ಚಪ್ಪಲಿ ಬಿಚ್ಚಿಸಿ ನೆಲದ ಮೇಲೆ ಕೂರ್ಸಿದ್ರು.’
‘ಹೆಣ್ಣುಮಗಳು ಆ ಹೊತ್ತಲ್ಲಿ…’
‘ಪ್ರಾಕ್ಟೀಸಿಗೆ ಕಣ್ರೀ. ನೀವು ಗೊರಕೆ ಹೊಡೆಯೋ ಹೊತ್ತು ಅದು.’
ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಮೆಡಲು ಕಚ್ಚಿ ನಗುತ್ತಿದ್ದವಳ ಬಾಯಿಗೆ
ಯಾರೋ ಸಗಣಿ ಬಳಿದರು.
ಮಧ್ಯಾಹ್ನ ಇನ್ಯಾರೋ ತೊಳೆದು ಹಾರ ಹಾಕಿದರು.
ಹಾರದ ಹೂವನ್ನು ಸಂಜೆಗೆ ಹಸು ತಿಂದಿತು.

ನನ್ನ ಇಪ್ಪತ್ತೆರಡು ನಲವತ್ತು ಹೇಗೋ ಹೊರಬಿತ್ತು.
‘ಅಷ್ಟುದ್ದ ಬ್ರೇಕ್ ಹಾಕವ್ಳೆ ನೋಡಿ, ಪಾಪ, ಉಳಿಸೋಕೆ.’
‘ಅಷ್ಟುದ್ದ ಜಾರ್ಬೇಕಾದ್ರೆ ಎಂಥಾ ಸ್ಪೀಡು ನೋಡಿ.’
ಒಂದೇ ಅಳತೆ
ಎರಡು ಕಡೆಯವರ ಜೇಬಿನಲ್ಲೂ ಚಿಲ್ಲರೆಯಾಯಿತು.
ಕ್ಷೌರದಂಗಡಿಯ ಹಾಲಪ್ಪ ಕತ್ತಿ ಗಂಟಲ ಮೇಲಿಟ್ಟುಕೊಂಡೇ ಕೇಳಿದ,
‘ನೀನ್ಯಾವ ಕಡೆ?’
ಅಂಥ ಹೊತ್ತಿನಲ್ಲಿ ಮನುಷ್ಯ ಅಲ್ಲಾಡಬಾರದು.

ಮೂರನೇ ದಿನ ದೊಡ್ಡಾಸ್ಪತ್ರೆಗೆ ಹೋದೆ, ಯಾಕೋ.
ಸಣ್ಣಲಕ್ಕಮ್ಮನ ಕಾಲಿಗೆ ತೂಕ ಕಟ್ಟಿ ಎಳೆದಿದ್ದರು.
ಯಾರೂ ಬಂದಿರಲಿಲ್ಲ ಎಂದರೆ ಸುಳ್ಳು;
ಎರಡೂ ಕಡೆಯವರು ಬಂದು ಫೋಟೋ ತೆಗೆಸಿಕೊಂಡು ಹೋಗಿದ್ದರು.
ಕಿತ್ತಲೆಹಣ್ಣು ರಾಶಿ ಬಿದ್ದಿತ್ತು.
‘ಪೊರಕೆ ಯಾರಾದ್ರೂ ಎತ್ತಿಟ್ರೇನಪ್ಪ?’ ಎಂದಳು.
‘ಹೊಸದು. ಸಂಬಳದಾಗೆ ಮುರ್ಕೊಂತಾರೆ.’
ಮಹಜರಿನಲ್ಲಿ ಕಾರು ಇತ್ತು, ಕಂಬ ಇತ್ತು,
ಗಾಜಿನ ಚೂರು ಕೂಡ ಇತ್ತು.
ಪೊರಕೆ ಬರೆಸಿರಲಿಲ್ಲ ನಾನು.
ವಾಪಸು ಬರುವಾಗ ಸೈಕಲ್ಲು ನಿಲ್ಲಿಸಿ ಚರಂಡಿಯಲ್ಲಿ ಹುಡುಕಿದೆ.
ಇರಲಿಲ್ಲ.

ಈ ಶನಿವಾರ ತಾಲ್ಲೂಕು ಮಟ್ಟ.
ಮತ್ತೆ ಗೂಟ, ದಾರ, ಸುಣ್ಣದ ಚೀಲ.
ಟೇಪಿನ ಇಪ್ಪತ್ತೆರಡರ ಹತ್ತಿರ ಕಪ್ಪು ಹಿಡಿದದ್ದು
ಸೀಮೆಎಣ್ಣೆಗೂ ಬಗ್ಗಲಿಲ್ಲ.
ನಾಲ್ಕನೇ ಲೇನಿಗೆ ಬಂದು ನಿಂತಳು
ಆಲೂರಿನ ಕಡೆಯ ಒಂದು ಬರಿಗಾಲ ಹುಡುಗಿ,
ಜಡೆ ಬಿಗಿದು ಕಟ್ಟಿ, ಹಲ್ಲು ಕಚ್ಚಿ.
ಬೇಲಿಯಾಚೆ ಶುರುವಾಯಿತು: ‘ಏನ್ರೀ ಮೋಸ…’

ತಿರುವು ಇದೆ ಎನ್ನಲು ಬಾಯಿ ತೆರೆದೆ.
ಗಾಳಿಗೆ ಸುಣ್ಣ ಗಂಟಲಿಗೆ ಹೋಯಿತು.
ಕೆಮ್ಮಿ ತಲೆ ಎತ್ತುವಷ್ಟರಲ್ಲಿ
ಪಿಸ್ತೂಲು ಹಾರಿ, ಹುಡುಗಿಯರು
ಆಗಲೇ ಬಾಗಿ ಓಡುತ್ತಿದ್ದರು.